ಬೀರು ಸ್ಟಾಪ್

ಫೆಬ್ರುವರಿ 4

ಮಗಳಿಗೆ,

ಇದನ್ನು ಬರೆಯುತ್ತಿರುವವಳು ನಿನ್ನ ತಾಯಿ. ಮೂವತ್ತೊಂದು ವರ್ಷ ಒಂದೇ ಒಂದು ಅಪಘಾತವಿಲ್ಲದೆ ಬಸ್ಸು ಓಡಿಸಿದವರ ಹೆಂಡತಿ. ಹೈಸ್ಕೂಲಿನ ಕೊನೆಯ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು. ಈ ಬೀದಿಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟರೆ, ಅಣ್ಣತಮ್ಮಂದಿರು ಗೋಡೆಗಾಗಿ ಕೈ ಮಿಲಾಯಿಸಿದರೆ, ಪೊಲೀಸರ ಹತ್ತಿರ ಹೋಗುವ ಮುಂಚೆ ಬಂದು ತಟ್ಟುವುದು ನನ್ನ ಬಾಗಿಲನ್ನು. ಬೆನ್ನ ಹಿಂದೆ ನನ್ನನ್ನು ಜಡ್ಜಮ್ಮ ಎನ್ನುತ್ತಾರೆಂದು ಗೊತ್ತು. ಅನ್ನಲಿ. ನಾನು ಹೇಳಿದ ಮೇಲೆ ಅಪೀಲಿಲ್ಲ. ಇದೆಲ್ಲ ನೀನು ಮರೆತಿರಲಾರೆ. ಆದರೂ ಎರಡು ವರ್ಷದಿಂದ ನಮ್ಮ ನಡುವೆ ಪತ್ರವಿಲ್ಲ, ಮಾತಿಲ್ಲ, ಅದಕ್ಕೆ ನೆನಪಿಸಿದೆ.

ಇವತ್ತು ಬರೆಯುತ್ತಿರುವುದು ರಾಜಿಗಲ್ಲ, ಕೆಲಸಕ್ಕೆ. ನಿನ್ನ ಅಪ್ಪನ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಕಿಟಕಿ ಯಾವುದು, ಗೋಡೆ ಯಾವುದು ಎನ್ನುವಷ್ಟು ಬೆಳಕಿದೆ. ಅದನ್ನಾದರೂ ಉಳಿಸಬೇಕಾದರೆ ತಿಂಗಳಿಗೊಂದರಂತೆ ಆರು ಇಂಜೆಕ್ಷನ್ ಕೊಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಕಣ್ಣಿನೊಳಕ್ಕೇ ಸೂಜಿ. ಪಿಂಚಣಿ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ, ಸೂಜಿಗೆ ಉಳಿಯುವುದಿಲ್ಲ. ಹಾಗಾಗಿ ಮನೆಯ ಕೆಲವು ಸಾಮಾನು ಮಾರುವುದೆಂದು ತೀರ್ಮಾನಿಸಿದ್ದೇನೆ. ಗುಜರಿಯವನನ್ನು ಬಾಗಿಲಿಗೆ ಕರೆದರೆ ಬೀದಿಗೆಲ್ಲ ತಿಳಿಯುತ್ತದೆ. ಫೋನಿನಲ್ಲೇ ಮಾರಬಹುದು ಎಂದು ಎದುರಿನ ಟೈಲರಮ್ಮ ಹೇಳಿದಳು. ನೀನು ಬಿಟ್ಟುಹೋದ ಹಳೆಯ ಫೋನಿನಲ್ಲಿ ಆ ಮಾರಾಟದ ಆ್ಯಪ್ ಇದೆಯಂತೆ, ಆದರೆ ಅದು ನಿನ್ನ ಹೆಸರಿನಲ್ಲಿದೆಯಂತೆ. ಅದರ ಗುಟ್ಟಿನ ಪದ ಏನೆಂದು ಬರೆದು ತಿಳಿಸು.

ಫೋನ್ ಮಾಡಬೇಡ. ಕಣ್ಣು ಹೋದ ಮೇಲೆ ಅವರಿಗೆ ಕಿವಿ ನಾಲ್ಕಾಗಿವೆ. ಪಕ್ಕದ ಮನೆಯವರು ಬೆಂಕಿಕಡ್ಡಿ ಗೀರಿದರೂ ಕೇಳುತ್ತದೆ. ಮನೆಯ ಸಾಮಾನು ಮಾರಿ ಕಣ್ಣು ಕೊಳ್ಳುತ್ತಿದ್ದೇನೆಂದು ತಿಳಿದರೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತಾರೆ. ಕಾಗದವನ್ನು ಮಾತ್ರ ಅವರು ಕೇಳಿಸಿಕೊಳ್ಳಲಾರರು.

ಇಂತಿ,
ನಿನ್ನ ತಾಯಿ

ಫೆಬ್ರುವರಿ 17

ಅಮ್ಮನಿಗೆ,

ಗುಟ್ಟಿನ ಪದವನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಅದು ಅಪ್ಪನ ಬಸ್ಸಿನ ನಂಬರು. ಫೋಟೋವನ್ನು ಹಗಲಿನಲ್ಲಿ ತೆಗೆ. "ಮುಂಗಡ ಕಳಿಸುತ್ತೇನೆ, ಈ ಕೋಡ್ ಒತ್ತಿ" ಎನ್ನುವವರನ್ನು ನಂಬಬೇಡ. ಒಂದು ವಿಷಯ: ಆ್ಯಪ್‌ನ ಖಾತೆ ನನ್ನ ಹೆಸರಿನಲ್ಲಿರುವುದರಿಂದ ನೀನು ಬರೆದದ್ದು, ಅವರು ಬರೆದದ್ದು ಎಲ್ಲ ನನ್ನ ಫೋನಿನಲ್ಲೂ ಕಾಣುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಕಾಯಂ ಆಗಿದೆ. ದಿನಕ್ಕೆ ನಾನೂರು ಹಾಸಿಗೆ ಹೊದಿಕೆ ಇಸ್ತ್ರಿ ಮಾಡುತ್ತೇನೆ. ಮೊದಲನೆಯ ಇಂಜೆಕ್ಷನ್‌ಗೆ ಎಂದು ಒಂದು ಚೆಕ್ಕು ಇಟ್ಟಿದ್ದೇನೆ.

ಮಗಳು

ಮಾರ್ಚ್ 2

ಮಗಳಿಗೆ,

ನಿನ್ನ ಚೆಕ್ಕನ್ನು ಈ ಲಕೋಟೆಯಲ್ಲೇ ವಾಪಸು ಇಟ್ಟಿದ್ದೇನೆ. ನಾನು ಗುಟ್ಟಿನ ಪದ ಕೇಳಿದ್ದೆ, ಹಣ ಕೇಳಿರಲಿಲ್ಲ.

ಊಟದ ಮೇಜು, ಆರು ಕುರ್ಚಿಯ ಫೋಟೋ ಹಾಕಿದ್ದೇನೆ. ನೀನು ನೋಡಿಯೇ ಇರುತ್ತೀ. ಕೊಳ್ಳುವವರಿಗೆ ಮೋಸವಾಗಬಾರದೆಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ: "ಒಂದು ಕಾಲು ಗಿಡ್ಡ, ರಟ್ಟು ಮಡಚಿ ಕೊಡಬೇಕು. ಎರಡು ಕುರ್ಚಿ ಕಿರುಗುಟ್ಟುತ್ತವೆ. ಮೇಲೆ ಬಿಸಿ ಪಾತ್ರೆ ಇಟ್ಟ ದುಂಡನೆಯ ಕಲೆಯಿದೆ, ಅದು ನನ್ನ ಮಗಳ ಕೆಲಸ." ಟೈಲರಮ್ಮ ಓದಿ ತಲೆ ಚಚ್ಚಿಕೊಂಡಳು. "ಅಮ್ಮಾ, ನೀವು ಮಾರ್ತಿದ್ದೀರೋ, ಕೋರ್ಟಲ್ಲಿ ಸಾಕ್ಷಿ ಹೇಳ್ತಿದ್ದೀರೋ?" ಎಂದಳು.

ಎಂಟು ದಿನದಲ್ಲಿ ಇಪ್ಪತ್ತೇಳು ಜನ ಬರೆದರು. ಅವರಲ್ಲಿ ಇಪ್ಪತ್ತೈದು ಜನ ಬರೆದದ್ದು ಒಂದೇ ಪದ: "ಇದೆಯಾ?" ನಮಸ್ಕಾರವಿಲ್ಲ, ಹೆಸರಿಲ್ಲ. ನಾನು ಒಬ್ಬೊಬ್ಬರಿಗೂ ಮರ್ಯಾದೆಯಿಂದ ಉತ್ತರ ಬರೆದೆ. "ನಮಸ್ಕಾರ. ಇದೆ. ತಾವು ಯಾರು, ಮನೆಯಲ್ಲಿ ಎಷ್ಟು ಜನ, ಯಾವಾಗ ಬಂದು ನೋಡುತ್ತೀರಿ?" ಅಷ್ಟೇ, ಆಮೇಲೆ ಸುದ್ದಿಯಿಲ್ಲ. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ. ಒಬ್ಬನಂತೂ ಆ್ಯಪ್‌ನಲ್ಲಿರುವ ನಿನ್ನ ಫೋಟೋ ನೋಡಿ "ಡಿಯರ್, ಲಾಸ್ಟ್ ಎಷ್ಟು?" ಎಂದ. "ನಾನು ಅರವತ್ತೇಳು ವರ್ಷದವಳು, ನಿನ್ನ ತಾಯಿಯ ನಂಬರು ಕೊಡು" ಎಂದು ಬರೆದೆ. ಅವನೂ ಮಾಯ. ಇನ್ನೊಬ್ಬಳು ಮೇಜಿನ ಬದಲಿಗೆ ಮೀನು ಸಾಕುವ ಗಾಜಿನ ಪೆಟ್ಟಿಗೆ ಕೊಡುತ್ತಾಳಂತೆ, ಮೀನಿಲ್ಲದೆ.

ದಿನವೂ ಫೋನು ಟಿಣ್ ಎಂದಾಗ ಕೈ ಒರೆಸಿಕೊಂಡು ಓಡುತ್ತೇನೆ. ಒಂದೇ ಪದ ನೋಡಿ ಮತ್ತೆ ಕೆಳಗಿಡುತ್ತೇನೆ. ಇಷ್ಟು ವರ್ಷ ಜನ ನನ್ನ ಬಾಗಿಲಲ್ಲಿ ಕಾದಿದ್ದರು. ಈಗ ನಾನು ಕಾಯುತ್ತಿದ್ದೇನೆ.

ನಿನ್ನ ಅಪ್ಪ ಮನೆಯೊಳಗೆ ಓಡಾಡುವುದು ಹೇಗೆಂದು ನೀನು ನೋಡಿಲ್ಲ. ಮನೆಯನ್ನೇ ಬಸ್ಸಿನ ದಾರಿ ಮಾಡಿಕೊಂಡಿದ್ದಾರೆ. ಮಂಚ ಡಿಪೋ. ಅಲ್ಲಿಂದ ಬಲಗೈ ಚಾಚಿ ಏಳು ಹೆಜ್ಜೆ, ಬೀರು ಸ್ಟಾಪ್. ಅದಕ್ಕೆ ಭುಜ ಕೊಟ್ಟು ಒಂದು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ಅಲ್ಲಿಂದ ಐದು ಹೆಜ್ಜೆ, ರೇಡಿಯೋ ಸ್ಟಾಪ್. ಆಮೇಲೆ ಮೇಜಿನ ಸರ್ಕಲ್, ಅದನ್ನು ಸುತ್ತಿ ಬಚ್ಚಲು. ಪ್ರತಿಯೊಂದನ್ನೂ ಮುಟ್ಟಿ ಗಟ್ಟಿಯಾಗಿ ಕೂಗುತ್ತಾರೆ: "ಬೀರು ಸ್ಟಾಪ್! ಯಾರ್ರೀ ಇಳಿಯೋರು?" ನಾನು ಅಡುಗೆಮನೆಯಿಂದ "ಯಾರೂ ಇಲ್ಲ, ಹೋಗಲಿ" ಎನ್ನಬೇಕು. ಇಲ್ಲವಾದರೆ ಅಲ್ಲೇ ನಿಂತಿರುತ್ತಾರೆ.

ಇಂತಿ,
ನಿನ್ನ ತಾಯಿ

ಮಾರ್ಚ್ 20

ಅಮ್ಮನಿಗೆ,

ಚೆಕ್ಕು ಬಂತು.

ಅಪ್ಪನ ದಾರಿಯ ಬಗ್ಗೆ ಓದಿದೆ. ಮೇಜು ಹೋದರೆ ಅವರು ಬಚ್ಚಲಿಗೆ ಹೇಗೆ ಹೋಗುತ್ತಾರೆ?

ಇನ್ನೊಂದು ಮಾತು. ಆ ದುಂಡನೆಯ ಕಲೆ ನನ್ನದಲ್ಲ. ಚಹಾದ ಪಾತ್ರೆ ಇಟ್ಟದ್ದು ಅಪ್ಪ. ನೀನು ಕೂಗಾಡುತ್ತೀ ಎಂದು ಅವರ ಮುಖ ಬಿಳಿಚಿಕೊಂಡಿತ್ತು, ಅದಕ್ಕೆ ಇಟ್ಟದ್ದು ನಾನು ಎಂದೆ. ಆಗ ನನಗೆ ಒಂಬತ್ತು ವರ್ಷ. ನೀನು ಒಂದು ವಾರ ನನಗೆ ನೆಲದ ಮೇಲೆ ಊಟ ಹಾಕಿದೆ. ಸಾಧ್ಯವಾದರೆ ಅದನ್ನು ಆ ಜಾಹೀರಾತಿನಿಂದ ತೆಗೆದುಹಾಕು. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರೂ ಅದನ್ನು ನೋಡಬಹುದು.

ಮಗಳು

ಏಪ್ರಿಲ್ 9

ಮಗಳಿಗೆ,

ಮೇಜು ಹೋಯಿತು. ಹೊಸದಾಗಿ ಟೀ ಅಂಗಡಿ ತೆರೆಯುವ ಗಂಡ ಹೆಂಡತಿ ಬಂದು ಕೊಂಡರು. ಅವರಿಗೆ ಕಲೆ ಅಡ್ಡಿಯಾಗಲಿಲ್ಲ. ಇನ್ನೂ ನೂರು ಬೀಳುತ್ತವೆ ಬಿಡಿ ಎಂದರು. ನಾನು ಹೇಳಿದ್ದರಲ್ಲಿ ಅರ್ಧ ಕೊಟ್ಟರು. ರೇಡಿಯೋವನ್ನು ಒಬ್ಬ ವಿದ್ಯಾರ್ಥಿ ಒಯ್ದ. ಎರಡು ಇಂಜೆಕ್ಷನ್ ಆಗಿವೆ.

ಕೊಳ್ಳುವವರನ್ನು ನಾನು ಸಂಜೆ ನಾಲ್ಕಕ್ಕೆ ಬರಹೇಳುತ್ತೇನೆ. ಆ ಹೊತ್ತಿಗೆ ಟೈಲರಮ್ಮ ನಿನ್ನ ಅಪ್ಪನನ್ನು ತನ್ನ ಅಂಗಡಿಗೆ ಕೈ ಹಿಡಿದು ಕರೆದೊಯ್ದು ಕೂರಿಸಿಕೊಳ್ಳುತ್ತಾಳೆ. ಮೇಜಿದ್ದ ಜಾಗದಲ್ಲಿ ನೀರಿನ ಡ್ರಮ್ಮು ಇಟ್ಟು ಮೇಲೆ ಹಲಗೆ ಹಾಕಿದ್ದೇನೆ, ಅಷ್ಟೇ ಎತ್ತರಕ್ಕೆ. ರೇಡಿಯೋ ಇದ್ದ ಗೂಡಿನಲ್ಲಿ ಹಳೆಯ ಪುಸ್ತಕ. ಮೊದಲ ದಿನ ಹಲಗೆಯನ್ನು ಎರಡೆರಡು ಸಲ ಸವರಿದರು. ಮೇಜಿನ ಕಾಲು ಮುರಿದು ರಿಪೇರಿಗೆ ಹೋಗಿದೆ ಎಂದೆ. "ಓ, ರಸ್ತೆ ಕೆಲಸ ನಡೀತಿದೆ ಅನ್ನು" ಎಂದರು. "ರೇಡಿಯೋನೂ ರಿಪೇರಿಗೆ ಹೋಗಿದ್ಯಾ?" "ಹೂಂ." "ಎಲ್ಲಾ ಒಟ್ಟಿಗೇ ಕೆಟ್ಟುಹೋಗ್ತಿದ್ಯಲ್ಲೇ, ಜಡ್ಜಮ್ಮಾ."

ನಾನು ಬರೆಯುವ ಸದ್ದೂ ಅವರಿಗೆ ಕೇಳುತ್ತದೆ. ಯಾರಿಗೆ ಬರೀತಿದ್ದೀಯ ಎಂದು ಕೇಳಿದರು. ಮನೆ ಮಾಲೀಕರಿಗೆ ಎಂದೆ. "ಮಾಲೀಕನಿಗೆ ಇಷ್ಟುದ್ದ ಬರೀತಾರೇನೇ? ಈ ವಯಸ್ಸಲ್ಲಿ ಪ್ರೇಮಪತ್ರಾನಾ?" ಎಂದು ನಕ್ಕರು.

ಕಲೆಯ ವಿಷಯವನ್ನು ಅವರನ್ನು ಕೇಳಿದೆ. ಹಲಗೆಯ ಮೇಲೆ ದುಂಡಗೆ ಬೆರಳು ಆಡಿಸಿದರು. ಆಮೇಲೆ, "ಅವಳು ಹೇಳಿದ್ಲಾ?" ಎಂದರು. ನೀನು ಯಾವಾಗ ಹೇಳಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನ ತಾಯಿ

ಮೇ 15

ಮಗಳಿಗೆ,

ಬೀರು ಮಾರಿದೆ.

ಮಾರಬಾರದೆಂದೇ ಇದ್ದೆ. ನಾಲ್ಕನೆಯ ಇಂಜೆಕ್ಷನ್ ದಿನ ಹತ್ತಿರ ಬಂತು. ಕುಕ್ಕರು, ಇಸ್ತ್ರಿಪೆಟ್ಟಿಗೆ, ಗೋಡೆ ಕನ್ನಡಿ, ಏನು ಹಾಕಿದರೂ ಅದೇ "ಇದೆಯಾ?", ಅದೇ ಮೌನ. ಒಬ್ಬಳು ಮೂರು ಸಲ ಬರುತ್ತೇನೆಂದು ಮೂರು ಸಲವೂ ಬರಲಿಲ್ಲ. ಅವಳಿಗಾಗಿ ಮೂರು ಸಂಜೆ ಒಳ್ಳೆಯ ಸೀರೆ ಉಟ್ಟು ಕೂತಿದ್ದೆ.

ಬೀರುವಿನ ಬಗ್ಗೆಯೂ ಇದ್ದದ್ದೇ ಬರೆದೆ. ಬಲಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಮುಚ್ಚಬೇಕು. ಕೆಳಗಿನ ಖಾನೆಗೆ ಒತ್ತಿದರೆ ತಾನೇ ಬೀಳುವ ಬೀಗ. ಅದರ ಕೀಲಿ ಕಳೆದಿದೆ, ಆದ್ದರಿಂದ ಪೂರ್ತಿ ಒತ್ತಿ ಮುಚ್ಚಬೇಡಿ, ಮುಚ್ಚಿದರೆ ತೆಗೆಯಲಾಗದು.

ವ್ಯಾನು ತಂದವನೊಬ್ಬ ಬಂದ. ಬಾಯಿ ತುಂಬ ಅಮ್ಮಾ ಅಮ್ಮಾ. ತಂಗಿಯ ಮದುವೆಗಂತೆ. ಹೇಳಿದ ಬೆಲೆಗೆ ಒಪ್ಪಿದ. ಇಬ್ಬರು ಆಳುಗಳು ಬೀರುವನ್ನು ಹೊತ್ತು ಬೀದಿಗಿಳಿಸಿ, ವ್ಯಾನಿಗೇರಿಸಿ, ಹಗ್ಗ ಬಿಗಿದರು. ಆಮೇಲೆ ಅವನು ಅರ್ಧಕ್ಕಿಂತ ಕಡಿಮೆ ಹಣ ನನ್ನ ಕೈಗಿಟ್ಟು ಗಟ್ಟಿಯಾಗಿ ಹೇಳಿದ: "ಹಿಂದಿನ ಹಲಗೆಗೆ ಹುಳ ಹಿಡಿದಿದೆ ಅಮ್ಮಾ. ಬೇಡ ಅಂದ್ರೆ ಇಳಿಸ್ಬಿಡ್ತೀನಿ, ನೀವೇ ಹೇಳಿ." ಎದುರಿನ ಮಾಳಿಗೆಯಲ್ಲಿ ಇಬ್ಬರು, ಮೂಲೆ ಅಂಗಡಿಯಲ್ಲಿ ನಾಲ್ವರು ನೋಡುತ್ತಿದ್ದರು. ಅವರಲ್ಲಿ ಮೂವರ ವ್ಯಾಜ್ಯ ತೀರಿಸಿದವಳು ನಾನು. ಬೀದಿಯಲ್ಲಿ ನಿಂತು ಚೌಕಾಸಿ ಮಾಡುವುದು ಈ ಜನ್ಮದಲ್ಲಿ ನನ್ನಿಂದಾಗದು. ಹಣವನ್ನು ಎಣಿಸಲೂ ಇಲ್ಲ. "ತಗೊಂಡು ಹೋಗಪ್ಪ" ಎಂದು ಬಾಗಿಲು ಹಾಕಿಕೊಂಡೆ.

ಬೀರು ಇದ್ದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತಿದೆ. ಅಲ್ಲಿ ಹಣ್ಣಿನ ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ನನ್ನ ಸೀರೆ ಸುತ್ತಿ ಕಟ್ಟಿದ್ದೇನೆ.

ನಿನ್ನ ತಾಯಿ

ಮೇ 28

ಅಮ್ಮಾ,

ಗಂಡ ಕೈ ಮಾಡುತ್ತಾನೆ ಎಂದು ಹೇಳಿಕೊಂಡು ನಾನು ಮನೆಗೆ ಬಂದ ದಿನ ನೀನು ಆ ಬೀರುವಿನ ಮುಂದೆಯೇ ನಿಂತಿದ್ದೆ. "ಒಂದೋ ಅವನ ಮನೆಗೆ ವಾಪಸು ಹೋಗು, ಇಲ್ಲಾ ಕೆಳಗಿನ ಖಾನೆ ಖಾಲಿ ಮಾಡು" ಎಂದೆ. ಬೀದಿಯವರ ಮನೆ ವ್ಯಾಜ್ಯದಲ್ಲಿ ಎರಡೂ ಕಡೆ ಕೇಳುತ್ತಿದ್ದವಳು ಅವತ್ತು ಒಂದೂ ಕಡೆ ಕೇಳಲಿಲ್ಲ. ನಾನು ಖಾಲಿ ಮಾಡಿದೆ.

ಕೀಲಿ ಕಳೆದಿಲ್ಲ. ನನ್ನ ಹತ್ತಿರ ಇದೆ. ಅವತ್ತು ಕೈಯಲ್ಲೇ ಉಳಿದುಬಿಟ್ಟಿತ್ತು.

ನಿನ್ನೆ ಆ್ಯಪ್‌ನಲ್ಲಿ ನಮ್ಮ ಬೀರು ಕಂಡಿತು. ಯಾರ ತಂಗಿಯ ಮದುವೆಯೂ ಇಲ್ಲ. "ಹಳೆ ಕಾಲದ ಅಪರೂಪದ ಬೀರು, ಯಾವ ದೋಷವೂ ಇಲ್ಲ" ಎಂದು ಹಾಕಿ ನೀನು ಕೇಳಿದ್ದರ ಮೂರು ಪಟ್ಟು ಬೆಲೆ ಬರೆದಿದ್ದಾನೆ.

ಅಪ್ಪ ಭುಜ ಕೊಡುವುದು ಆ ಬೀರುವಿಗೆ ಎಂದು ನೀನೇ ಬರೆದಿದ್ದೆ. ಪೆಟ್ಟಿಗೆ ತಡೆಯುತ್ತದೆಯೇ?

ಮಗಳು

ಜೂನ್ 30

ಮಗಳೇ,

ತಡೆಯಲಿಲ್ಲ.

ನಿನ್ನ ಪತ್ರ ಬಂದು ಮೂರನೆಯ ದಿನ, ಬೆಳಗ್ಗೆ. ಏಳು ಹೆಜ್ಜೆ ಎಣಿಸಿ "ಬೀರು ಸ್ಟಾಪ್" ಎಂದು ಕೂಗಿ ಭುಜ ಕೊಟ್ಟರು. ನಾನು "ಹೋಗಲಿ" ಎನ್ನುವಷ್ಟರಲ್ಲಿ ಪೆಟ್ಟಿಗೆಗಳ ಸಮೇತ ಬಿದ್ದರು. ಬಲಗೈ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರು. ಅವರಿಗೆ ಕಣ್ಣಾಗಿದ್ದುದೇ ಆ ಕೈ. ಈಗ ಮಂಚ ಬಿಟ್ಟು ಇಳಿಯುವುದಿಲ್ಲ. ಬಸ್ಸು ಡಿಪೋದಲ್ಲೇ ನಿಂತಿದೆ.

ಕಣ್ಣಿನ ಡಾಕ್ಟರು ಐದನೆಯ ಇಂಜೆಕ್ಷನ್ ಬೇಡ ಎಂದರು. ಪ್ರಯೋಜನ ಕಾಣುತ್ತಿಲ್ಲವಂತೆ. ಮನೆಗೆ ಬಂದ ಮೇಲೆ ಕಿಟಕಿ ಯಾವ ಕಡೆ ಎಂದು ಕೇಳಿದೆ. ಬಾಗಿಲಿನ ಕಡೆ ತೋರಿಸಿದರು. ಮೇಜು, ರೇಡಿಯೋ, ಬೀರು, ಒಂದೊಂದಾಗಿ ಎಲ್ಲವನ್ನೂ ಅವರ ಕಣ್ಣಿಗೆ ಹಾಕಿದೆ. ಬೆಳಕೂ ಉಳಿಯಲಿಲ್ಲ, ದಾರಿಯನ್ನೂ ಮಾರಿಬಿಟ್ಟೆ.

ಅವತ್ತು ಸಂಜೆ ಎಲ್ಲವನ್ನೂ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. "ಮೇಜು ಹೋದ ದಿನದಿಂದ ಮನೆ ದನಿ ಬದಲಾಯ್ತು ಕಣೇ. ನೀನು ಮಾತಾಡಿದ್ರೆ ಖಾಲಿ ಬಸ್ಸಲ್ಲಿ ಮಾತಾಡಿದ ಹಾಗೆ ಕೇಳ್ತಿತ್ತು" ಎಂದರು. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದೆ. "ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಅಭ್ಯಾಸ ಇಲ್ಲದೋಳು. ಕೆಡಿಸೋದು ಯಾಕೆ ಅಂತ." ಬೀರು ಹೋದದ್ದು ಗೊತ್ತಿದ್ದೂ ಭುಜ ಕೊಟ್ಟದ್ದೇಕೆ ಎಂದು ಕೇಳಿದೆ. "ಗೊತ್ತಿತ್ತು. ಭುಜಕ್ಕೆ ಮರೆತುಹೋಯ್ತು."

ಆಮೇಲೆ ಕೇಳಿದರು: "ಮನೆ ಮಾಲೀಕರು ಹೇಗಿದ್ದಾಳೆ?"

ಚೆನ್ನಾಗಿದ್ದಾಳೆ ಎಂದೆ. ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ಪತ್ರ ಬರೆದೆ, ಒಂದರಲ್ಲೂ ಕೇಳಲಿಲ್ಲ.

ಕಲೆಯ ವಿಷಯದಲ್ಲಿ ನನ್ನ ತೀರ್ಪು ತಪ್ಪಿತ್ತು. ಹಾಗೆಯೇ ಇನ್ನೊಂದು ತೀರ್ಪನ್ನೂ ತೆಗೆದು ನೋಡುತ್ತಿದ್ದೇನೆ.

ಅಮ್ಮ

ಜುಲೈ 11

ಅಮ್ಮಾ,

ಲಾಂಡ್ರಿಯಲ್ಲಿ ಊಟದ ಬಿಡುವಿನಲ್ಲಿ ಫೋನ್ ನೋಡಿದೆ. ಆ ವ್ಯಾನಿನವನಿಗೆ ನನ್ನ ಹೆಸರಿನಿಂದ ಒಂದು ಸಂದೇಶ ಹೋಗಿತ್ತು. ನಮಸ್ಕಾರವಿಲ್ಲ, ಹೆಸರಿಲ್ಲ, ಒಂದೇ ಪದ. "ಇದೆಯಾ?"

ಅದನ್ನು ಬರೆಯಲು ನಿನಗೆ ಎಷ್ಟು ಹೊತ್ತು ಹಿಡಿದಿರಬಹುದು ಎಂದು ಯೋಚಿಸಿದೆ. ಅವನು ಉತ್ತರ ಕೊಟ್ಟಿರಲಿಲ್ಲ. ಹಾಗಾಗಿ ಅವನ ನಂಬರು ಹುಡುಕಿ ಮಾತಾಡಿದೆ. ಇನ್ನೂ ಇದೆಯಂತೆ. ಮುಂದಿನ ವಾರದ ಶನಿವಾರದವರೆಗೆ ಇಟ್ಟಿರುತ್ತಾನೆ.

ಮತ್ತೊಂದು ಚೆಕ್ಕು ಇಟ್ಟಿದ್ದೇನೆ. ವಾಪಸು ಕಳಿಸಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀನು ಕೇಳುವವಳೂ ಅಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಅಪ್ಪನಿಗೆ ಹೇಳು. ಬೆನ್ನು ನೋಯುತ್ತದೆ, ಅಷ್ಟೇ.

ಮಗಳು

ಜುಲೈ 29

ಮಗಳೇ,

ಇದನ್ನು ಬರೆಯುತ್ತಾ ಗಟ್ಟಿಯಾಗಿ ಓದುತ್ತಿದ್ದೇನೆ. ನಿನ್ನ ಅಪ್ಪ ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಾರೆ. ನಡುವೆ ನಡುವೆ ತಿದ್ದುತ್ತಾರೆ.

ನಿನ್ನ ಚೆಕ್ಕನ್ನು ವಾಪಸು ಕಳಿಸಿಲ್ಲ. ಬ್ಯಾಂಕಿಗೆ ಹೋಗಿ ನಗದು ಮಾಡಿಸಿಕೊಂಡೆ. ಯಾರ ಹಣ ಎಂದು ಅಲ್ಲಿದ್ದವಳು ಕೇಳಲಿಲ್ಲ, ನಾನೇ ಹೇಳಿದೆ. ಮಗಳು ದುಡಿದದ್ದು ಎಂದು.

ಶನಿವಾರ ವ್ಯಾನು ಬಂತು. ಮೂರು ಪಟ್ಟಿಗೆ ಒಂದು ಕಾಸು ಕಡಿಮೆಯಾಗದು ಎಂದ. ಅದೇ ಬೀದಿ, ಅದೇ ಮಾಳಿಗೆ, ಮೂಲೆ ಅಂಗಡಿಯಲ್ಲಿ ಈ ಸಲ ಆರು ಜನ. ನಾನು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದೆ. "ಬಲಬಾಗಿಲು ಮುಚ್ಚಲ್ಲ. ಕೆಳಗಿನ ಖಾನೆಗೆ ಕೀಲಿ ಇಲ್ಲ. ಹಿಂದಿನ ಹಲಗೆಗೆ ಹುಳ ಹಿಡಿದಿದೆ ಅಂತ ಇದೇ ಜಾಗದಲ್ಲಿ ನಿಂತು ನೀನೇ ಹೇಳಿದ್ದೆ. ಹುಳ ಎಲ್ಲಿ ಹೋಯ್ತು, ತಂಗಿ ಮದುವೆಗಾ?" ಎಂದೆ. ಮುಕ್ಕಾಲು ಗಂಟೆ ಚೌಕಾಸಿ ಮಾಡಿದೆ. ಗಂಟಲು ಬಿದ್ದುಹೋಯಿತು. ಅಂಗಡಿಯಲ್ಲಿ ಯಾರೋ ನಕ್ಕರು. ನನ್ನನ್ನು ನೋಡಿಯೋ ಅವನನ್ನು ನೋಡಿಯೋ ತಿಳಿಯದು. ಕೊನೆಗೆ ಅವನು ಮೂರರಲ್ಲಿ ಒಂದು ಪಾಲು ಬಿಟ್ಟ. ಆದರೂ ನಮಗೆ ನಷ್ಟವೇ. ಸಾಗಿಸುವಾಗ ಒಂದು ಮೂಲೆ ಜಜ್ಜಿದೆ.

ನೆಲದ ನಾಲ್ಕು ಗುರುತಿನ ಮೇಲೇ ಕಾಲು ಕೂರಿಸಿದೆ. ಪ್ಲಾಸ್ಟರು ಬಿಚ್ಚಿದ್ದಾರೆ, ಬೆರಳು ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ನಿನ್ನೆ ಮೊದಲ ಸಲ ಮಂಚದಿಂದ ಇಳಿದರು. ಏಳು ಹೆಜ್ಜೆ. ಜಜ್ಜಿದ ಮೂಲೆಯನ್ನು ಸವರಿದರು. ಸ್ಟಾಪ್ ಎಂದು ಕೂಗಲಿಲ್ಲ. ಭುಜವನ್ನೂ ಕೊಡಲಿಲ್ಲ, ಅಂಗೈ ಮಾತ್ರ ಇಟ್ಟು ನಿಂತರು. ಅಲ್ಲಿಂದ ಮುಂದೆ ರೇಡಿಯೋ ಇಲ್ಲ, ಮೇಜಿಲ್ಲ, ಬಚ್ಚಲಿನ ತನಕ ನಾನೇ ಕೈ ಹಿಡಿಯಬೇಕು. ಕಿಟಕಿ ಯಾವ ಕಡೆ ಎಂದು ನಾನು ಈಗ ಕೇಳುವುದಿಲ್ಲ. ಆ್ಯಪ್‌ನಲ್ಲಿ ಹಾಕಿದ್ದನ್ನೆಲ್ಲ ತೆಗೆದುಹಾಕಿದ್ದೇನೆ. ನಿನ್ನ ಫೋಟೋವನ್ನು ಮಾತ್ರ ಹೇಗೆ ತೆಗೆಯುವುದೆಂದು ತಿಳಿಯಲಿಲ್ಲ, ಇರಲಿ ಎಂದು ಬಿಟ್ಟೆ.

ಬಟ್ಟೆಗಳನ್ನು ಮತ್ತೆ ಜೋಡಿಸಿದೆ. ಮೇಲಿನ ಎರಡು ಖಾನೆ ಅವರದು. ನಡುವಿನದು ನನ್ನದು. ಕೆಳಗಿನದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಳಿ ಕಾಗದ ಹಾಸಿದೆ. ಒಳಗೆ ಏನೂ ಇಟ್ಟಿಲ್ಲ.

ಆಮೇಲೆ, ಕೀಲಿ ನಿನ್ನ ಹತ್ತಿರ ಇದೆಯಲ್ಲ ಎಂದು, ಅದನ್ನು ಪೂರ್ತಿ ಒತ್ತಿ ಮುಚ್ಚಿದೆ. ಬೀಗ ಬಿದ್ದ ಸದ್ದು ನಿನ್ನ ಅಪ್ಪನಿಗೆ ಮಂಚದವರೆಗೂ ಕೇಳಿಸಿತು.

ಅಮ್ಮ